ತಲೆ ಕೊಡವಿದ ನಾಯಿಯ ತೀರ್ಪು

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಕೂಗಿ ಹೇಳೋ ಶಕ್ತಿ ನನಗಿಲ್ಲ. ಬೆಳಗಿಂದ ಅವರೆಕಾಯಿ ಸುಲಿದೂ ಸುಲಿದೂ ಬೆರಳೆಲ್ಲ ಸೋತಿವೆ. ಆದರೂ ಕಥೆ ಬೇಕೇ ಬೇಕು ಅಂತೀರಿ. ಹೇಳ್ತೀನಿ, ನಡುವೆ ಬಾಯಿ ಹಾಕಬೇಡಿ.

ಹಾಲುಬಂಡೆ ಅಂತ ಒಂದು ರಾಜ್ಯ. ಅಲ್ಲಿಗೊಬ್ಬ ರಾಜ, ಆ ರಾಜನಿಗೊಂದು ನಾಯಿ. ನಾಯಿಯ ಹೆಸರು ಸಿಡಿಲ. ಹೆಸರು ಸಿಡಿಲ, ಸ್ವಭಾವ ಬೆಣ್ಣೆ. ಎರಡು ಕಿವಿಗಳೂ ಉದ್ದಕ್ಕೆ ಕೆನ್ನೆಯ ಮೇಲೆ ಜೋಲಾಡುತ್ತಿದ್ದವು. ಅದನ್ನು ಮರಿಯಿಂದ ಸಾಕಿದವಳು ಕೆಂಚವ್ವ ಅನ್ನೋ ಮುದುಕಿ. ಅನ್ನ ಕಲಸೋದು ಅವಳು, ಹಾಸಿಗೆ ಕೊಡವೋದು ಅವಳು, ಹೇಸಿಗೆ ಬಾಚೋದೂ ಅವಳೇ. ಮುದ್ದು ಮಾಡೋದು ಮಾತ್ರ ರಾಜ.

ಅರಮನೆಯ ಮೇಲ್ವಿಚಾರಣೆಗೆ ಚೆನ್ನರಸ ಅಂತ ಒಬ್ಬ ಇದ್ದ. ಸಿಂಹಾಸನದ ಪಕ್ಕ ಕೂರುವ ನಾಯಿ ನಾಯಿಯ ಹಾಗೆ ನಾರಬಾರದು, ದಿನಾ ಬೆಳಿಗ್ಗೆ ಪನ್ನೀರಿನ ಸ್ನಾನ ಆಗಬೇಕು ಅಂತ ಅಪ್ಪಣೆ ಮಾಡಿದ. ನಾಯಿಗೆ ದಿನಾ ಸ್ನಾನ ಆಗಿಬರೋದಿಲ್ಲ, ಜೋಲುಕಿವಿಯೊಳಗೆ ನೀರು ನಿಂತರೆ ಕಿವಿ ಕೆಡುತ್ತೆ ಅಂತ ಕೆಂಚವ್ವ ಹೇಳಿದಳು. ಮುದುಕಿಯ ಮಾತು ಯಾರಿಗೆ ಬೇಕು? ದಿನಾ ಕೊಡಗಟ್ಟಲೆ ಸುರಿದರು. ಎಡಗಿವಿಯ ಒಳಗೆ ಮೊದಲು ಕೆಂಪಾಯಿತು, ಆಮೇಲೆ ಕಪ್ಪಗೆ ಜಿಡ್ಡು ಕಟ್ಟಿತು, ಆಮೇಲೆ ಕೀವು ಸೋರಿತು. ಪಾಪದ ಪ್ರಾಣಿ, ನೋವು ತಡೀಲಾರದೆ ಪಟಪಟ ಅಂತ ತಲೆ ಕೊಡವೋಕೆ ಶುರುಮಾಡಿತು.

ಒಂದು ದಿನ ರಾಜ ಬೇಟೆಗೆ ಹೊರಟಿದ್ದ. ಬಾಗಿಲಲ್ಲಿ ಸಿಡಿಲ ತಲೆ ಕೊಡವಿತು. ಬೇಡ ಅಂತಿದೆ ಅಂದುಕೊಂಡು ರಾಜ ನಿಂತುಬಿಟ್ಟ. ಅವತ್ತೇ ಕಾಡಿನ ದಾರಿಗೆ ಒಂಟಿ ಸಲಗ ಬಂದಿತ್ತು ಅಂತ ಸಂಜೆ ಸುದ್ದಿ ಬಂತು. ಅಲ್ಲಿಗೆ ಮುಗೀತು. ಸಿಡಿಲನಿಗೆ ಮುಂದಾಗೋದೆಲ್ಲ ಗೊತ್ತು ಅಂತ ರಾಜ ನಂಬಿಬಿಟ್ಟ. ಇನ್ನುಮುಂದೆ ಯಾರು ಏನೇ ಬೇಡಿಕೊಂಡು ಬಂದರೂ ಚೆನ್ನರಸ ನಾಯಿಯ ತಲೆ ಸವರಿ ಕೇಳಬೇಕು. ತಲೆ ಕೊಡವಿದರೆ ಇಲ್ಲ, ಸುಮ್ಮನಿದ್ದರೆ ಹೂಂ. ನೋಡಿ, ಇಷ್ಟು ದೊಡ್ಡ ರಾಜ್ಯಕ್ಕೆ ಇದು ನ್ಯಾಯ!

ಚೆನ್ನರಸ ಕಿಲಾಡಿ. ಹತ್ತು ದಿನದಲ್ಲಿ ಗುಟ್ಟು ಹಿಡಿದ. ಎಡಗಿವಿ ಸವರಿದರೆ ನಾಯಿ ತಲೆ ಕೊಡವುತ್ತೆ, ಬಲಗಿವಿ ಸವರಿದರೆ ಸುಮ್ಮನಿರುತ್ತೆ. ಅವನ ಹಿತ್ತಲ ಬಾಗಿಲಿಗೆ ತುಪ್ಪದ ಗಡಿಗೆ ಹೊತ್ತುಕೊಂಡು ಬಂದವರಿಗೆ ಬಲಗಿವಿ, ಬರಿಗೈಲಿ ಬಂದವರಿಗೆ ಎಡಗಿವಿ. ಕುಂಬಾರರು ಕೆರೆಯ ಮಣ್ಣು ಕೇಳಿದರು, ಇಲ್ಲ. ನೇಕಾರರು ಕೇರಿಗೊಂದು ಬಾವಿ ಕೇಳಿದರು, ಇಲ್ಲ. ವಿಧವೆಯೊಬ್ಬಳು ಯಾರೋ ಕಿತ್ತುಕೊಂಡಿದ್ದ ತನ್ನ ಹಿತ್ತಲು ವಾಪಸ್ಸು ಕೇಳಿದಳು, ಅದೂ ಇಲ್ಲ. ಒಂದೊಂದು ಇಲ್ಲಕ್ಕೂ ಆ ಹುಣ್ಣಾದ ಕಿವಿಯನ್ನು ಹಿಸುಕಿದ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ ನನಗೆ.

ಕೆಂಚವ್ವ ಮೊದಲು ಚೆನ್ನರಸನ ಹತ್ತಿರ ಹೋದಳು. ಸ್ನಾನ ನಿಲ್ಲಿಸಿ, ವೈದ್ಯರನ್ನು ಕರೆಸಿ ಅಂತ ಕೈಮುಗಿದಳು. ನಾಯಿ ಅಂದಮೇಲೆ ಕೆರೆದುಕೊಳ್ಳುತ್ತೆ, ನೀನು ನಿನ್ನ ಕೆಲಸ ನೋಡು ಅಂತ ಅವನು ಅಟ್ಟಿದ.

ಎರಡನೇ ಸಲ ಸಭೆಗೇ ಹೋಗಿ ರಾಜನ ಮುಂದೆ ನಿಂತಳು. ರಾಜ ಕೆಟ್ಟವನಲ್ಲ, ಆದರೆ ಸ್ವಂತ ಕಣ್ಣಿಂದ ನೋಡುವ ಅಭ್ಯಾಸ ತಪ್ಪಿಹೋಗಿತ್ತು. ಸಿಡಿಲನನ್ನೇ ಕೇಳಿಬಿಡೋಣ ಅಂದ. ಚೆನ್ನರಸ ಎಡಗಿವಿಯ ಮೇಲೆ ಕೈಯಿಟ್ಟು ಕೇಳಿದ, "ಸಿಡಿಲಾ, ನಿನಗೆ ಮದ್ದು ಬೇಕೇನಪ್ಪಾ?"

ಸಿಡಿಲ ತಲೆ ಕೊಡವಿತು. ಸಭೆಯೆಲ್ಲ ನಕ್ಕಿತು. ಕೆಂಚವ್ವ ಸೆರಗಲ್ಲಿ ಕಣ್ಣೊರೆಸಿಕೊಂಡು ಬಂದು, ನಾಯಿಯ ಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. ಎಷ್ಟು ಹೇಳಿದರೂ ಕೇಳೋರಿಲ್ಲದಾಗ ಆಗುವ ಆಯಾಸ ಇದೆಯಲ್ಲ, ಅದು ನಿದ್ದೆ ಮಾಡಿದರೂ ಹೋಗೋದಿಲ್ಲ ಮಕ್ಕಳೇ.

ನಾಲ್ಕು ದಿನ ಕಳೆಯಿತು. ಸಿಡಿಲ ಬಲಗಿವಿಯನ್ನೂ ನೆಲಕ್ಕೆ ತಿಕ್ಕೋಕೆ ಶುರುಮಾಡಿತು. ಕೆಂಚವ್ವ ಎತ್ತಿ ನೋಡಿದಳು. ಅದರೊಳಗೂ ಕೆಂಪು, ಅದರೊಳಗೂ ವಾಸನೆ. ಎಡಗಿವಿಯ ಹತ್ತಿರ ಮೆಲ್ಲಗೆ ಚಿಟಿಕೆ ಹೊಡೆದಳು, ನಾಯಿ ತಿರುಗಲಿಲ್ಲ. ಆ ಕಿವಿ ಆಗಲೇ ಹೋಗಿತ್ತು. ಇದೂ ಹೋದರೆ ಜನ್ಮಪೂರ್ತಿ ಕಿವುಡು. ಬಲಗಿವಿಯ ಸಂಗತಿ ಅರಮನೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಬೇರೆ ಯಾರೂ ಕಿವಿ ಎತ್ತಿ ನೋಡಿರಲಿಲ್ಲ. ಸಭೆಯಲ್ಲಿ ಚೆನ್ನರಸ ಎಡಗಿವಿಯನ್ನೇ ಹುಡುಕಿ ಮುಟ್ಟಿದ್ದು ಅವಳ ಕಣ್ಣಿಗೆ ಬಿದ್ದಿತ್ತು. ಮಾರನೆಯ ಬೆಳಿಗ್ಗೆ ಕೆಂಚವ್ವ ಮಂಡಿ ಹಿಡಿದುಕೊಂಡು ಎದ್ದು, ಮೂರನೇ ಸಲ ಸಭೆಗೆ ಹೋದಳು.

"ಬುದ್ಧೀ, ಮದ್ದು ಕೇಳೋಕೆ ಬಂದಿಲ್ಲ. ಚೆನ್ನರಸಯ್ಯನೋರು ಈ ಅರಮನೆಯಲ್ಲಿ ಇರಬೇಕೋ ಬೇಡವೋ, ಸಿಡಿಲನ್ನ ಒಂದು ಮಾತು ಕೇಳಿ."

ರಾಜ ಚೆನ್ನರಸನ ಮುಖ ನೋಡಿದ. ಚೆನ್ನರಸನಿಗೆ ಒಳಗೊಳಗೇ ನಗು. ಧಾರಾಳವಾಗಿ ಕೇಳೋಣ ಅಂತ ಬಲಗಿವಿಯ ಮೇಲೆ ಕೈಯಾಡಿಸಿದ. ನಾಯಿ ಕುಂಯ್ ಅಂದು ತಲೆ ಕೊಡವಿತು. ಅವನ ಮುಖ ಸಪ್ಪಗಾಯಿತು. ಇನ್ನೊಂದು ಸಲ ಮೆಲ್ಲಗೆ ಸವರಿದ. ಮತ್ತೆ ಕೊಡವಿತು. ಮೂರನೇ ಸಲ ಬರೀ ಬೆರಳ ತುದಿ ಸೋಕಿಸಿದ. ಕೊಡವಿದ ರಭಸಕ್ಕೆ ಕೀವು ಹಾರಿ ಅವನ ರೇಷ್ಮೆ ಶಲ್ಯದ ಮೇಲೆ ಬಿತ್ತು.

ಮೂರು ಸಲವೂ ಸಿಡಿಲ ಬೇಡ ಅಂದಿದ್ದಾನೆ, ಈ ಚೆನ್ನರಸನನ್ನು ಗಡಿ ದಾಟಿಸಿ ಅಂತ ರಾಜ ಅಪ್ಪಣೆ ಮಾಡಿದ. ಕಾವಲಿನವರು ತೋಳು ಹಿಡಿದದ್ದೇ ತಡ, ಚೆನ್ನರಸ ನೆಲಕ್ಕೆ ಬಿದ್ದ.

"ಪ್ರಭು, ಅದು ಬೇಡ ಅಂತಿಲ್ಲ. ಅದಕ್ಕೆ ಕಿವಿನೋವು. ನೋವಿರೋ ಕಡೆ ಮುಟ್ಟಿದರೆ ತಲೆ ಕೊಡವುತ್ತೆ, ಅಷ್ಟೇ."

ರಾಜ ಕೇಳಿದ, "ಇದು ನಿನಗೆ ಯಾವಾಗಿಂದ ಗೊತ್ತು?"

ಚೆನ್ನರಸ ಹಣೆಯನ್ನು ನೆಲಕ್ಕೆ ಒತ್ತಿದ.

ರಾಜ ಸಿಂಹಾಸನದಿಂದ ಇಳಿದು ನೆಲದ ಮೇಲೆ ಕೂತು, ಮೊದಲ ಸಲ ತಾನೇ ಆ ಕಿವಿ ಎತ್ತಿ ನೋಡಿದ. ವಾಸನೆ ಮುಖಕ್ಕೆ ರಾಚಿತು. ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಇದನ್ನು ಅನುಭವಿಸಿದೆಯಲ್ಲಪ್ಪ ಅಂತ ಎಲ್ಲರ ಎದುರಿಗೇ ಅತ್ತುಬಿಟ್ಟ.

ಚೆನ್ನರಸ ಗಡಿ ದಾಟಿದ. ಇಲ್ಲ ಅನ್ನಿಸಿಕೊಂಡು ಹೋದವರನ್ನೆಲ್ಲ ರಾಜ ವಾಪಸ್ಸು ಕರೆಸಿ ತಾನೇ ಕೂತು ಕೇಳಿದ. ಪನ್ನೀರು ನಿಂತಿತು. ದನಕರು ನೋಡುವ ವೈದ್ಯ ಬಂದು ಕಿವಿ ತೊಳೆದು, ಒಣಗಿಸಿ, ಮದ್ದು ಹಾಕಿದ. ಇಪ್ಪತ್ತೊಂದು ದಿನ ಕೆಂಚವ್ವ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಬಲಗಿವಿ ಉಳಿಯಿತು. ನಿನಗೇನು ಬೇಕು ಕೇಳು ತಾಯಿ ಅಂತ ರಾಜ ಅಂದಾಗ, ಒಂದು ಮಧ್ಯಾಹ್ನ ಪೂರ್ತಿ ಮಲಗೋಕೆ ಬಿಡಿ ಬುದ್ಧೀ ಅಂದಳಂತೆ.

ಎಡಗಿವಿ ಮಾತ್ರ ವಾಸಿಯಾಗಲಿಲ್ಲ. ಆಮೇಲೆ ರಾಜ ಎಡಗಡೆ ನಿಂತು ಮೆತ್ತಗೆ ಮಾತಾಡಿಸಿದರೆ ಸಿಡಿಲ ಅಲ್ಲಾಡುತ್ತಿರಲಿಲ್ಲ. ರಾಜನೇ ಸುತ್ತಿಕೊಂಡು ಬಲಗಡೆಗೆ ಹೋಗಿ, ಬಗ್ಗಿ, ಕರೆಯಬೇಕಿತ್ತು. ಸಿಡಿಲ ಬದುಕಿದ್ದಷ್ಟು ದಿನವೂ ಹಾಗೇ ಕರೆದ.

ಇಷ್ಟೇ ಕಥೆ. ನೀತಿ ಏನು ಅಂತ ನಾನೇ ಹೇಳಿಬಿಡ್ತೀನಿ. ಮನೆಯ ನಾಯಿ, ಬೆಕ್ಕು ನೋವು ಅಂತ ಬಾಯಿಬಿಟ್ಟು ಹೇಳಲಾರವು. ತಲೆ ಕೊಡವಿದರೆ, ಮೈ ಕೆರೆದರೆ, ಅನ್ನ ಬಿಟ್ಟರೆ, ನಮಗೆ ಬೇಕಾದ ಅರ್ಥ ಹಚ್ಚಿಕೊಂಡು ಕೂರಬೇಡಿ. ಹತ್ತಿರ ಹೋಗಿ, ಕಿವಿ ಎತ್ತಿ ನೋಡಿ. ನೋಡಿದವರು ಬಂದು ಹೇಳಿದರೆ, ಮೊದಲನೇ ಸಲಕ್ಕೇ ಕೇಳಿ.