ದ್ಯಾವಕ್ಕನ ಹೊಂಡದಲ್ಲಿ ಮೀನಿನ ದನಿ ಹೋದದ್ದು

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಮೈ ಇನ್ನೂ ಹಸಿ, ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಗಾಳಿ, ಹೊಳೆ, ಮೀನು ಎಲ್ಲವೂ ನಮ್ಮ ಹಾಗೆಯೇ ಮಾತಾಡುತ್ತಿದ್ದವು.

ಆಗ ದ್ಯಾವಕ್ಕ ಎಂಬ ಹೆಂಗಸು ತನ್ನ ಹಿತ್ತಲಲ್ಲಿ ಮಂಚದಷ್ಟಗಲದ ಹೊಂಡ ತೋಡಿ ಸುತ್ತ ಕಲ್ಲು ಕಟ್ಟಿದಳು. ಮೋಡ ಬಂದು ನೀರು ತುಂಬಿತು. ಗಾಳಿ ಒಂದು ಅಂತರಗಂಗೆ ಗಿಡ ತಂದು ತೇಲಿಬಿಟ್ಟಿತು. ಅದರ ಬೇರಿಗೆ ಅಂಟಿಕೊಂಡು ಒಂದು ಬಸವನಹುಳವೂ ಬಂತು, ಕರೆಯದ ನೆಂಟನ ಹಾಗೆ.

ಕೊನೆಗೆ ಹೊಳೆ ಬಂತು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ತನ್ನ ಮಗಳು ಮೀನನ್ನು ಹೊಂಡಕ್ಕೆ ಬಿಟ್ಟಿತು.

"ಬ್ಯಾಸಗ್ಯಾಗ ನಾ ಬತ್ತಿ ಹೋಗ್ತೀನಿ, ದ್ಯಾವಕ್ಕ. ಮಗಳ ಚೊಚ್ಚಲ ಬಾಣಂತನ ನಿನ್ನ ಪಾಲಿಗೆ. ಮಳಿ ಬಂದ ಕೂಡ್ಲೆ ಬಂದು ಕರ್ಕೊಂಡು ಹೋಗ್ತೀನಿ."

"ಕಣ್ಣಾಗ ಕಣ್ಣಿಟ್ಟು ನೋಡ್ಕೋತೀನಿ, ತಾಯಿ" ಅಂದಳು ದ್ಯಾವಕ್ಕ.

ನೋಡಿಕೊಂಡಳು ಕೂಡ. ಆದರೆ ಅವಳಿಗೆ ಒಂದು ಹುಚ್ಚಿತ್ತು, ತೊಳೆಯುವ ಹುಚ್ಚು. ದಿನಾ ಬೆಳಿಗ್ಗೆ ಮೀನನ್ನು ಕೊಡಕ್ಕೆ ಹಾಕಿ ಹೊಂಡದ ನೀರು ಎತ್ತಿ ಚೆಲ್ಲುವಳು. ಬೂದಿ, ತೆಂಗಿನ ನಾರು ಹಿಡಿದು ಕಲ್ಲಿನ ಪಾಚಿ ತಿಕ್ಕುವಳು. ತಳದ ಕೆಸರು ಬಳಿದು, ಬಸವನಹುಳವನ್ನು ಆಚೆ ಎಸೆದು, ಅಂತರಗಂಗೆಯ ಬೇರು ಕತ್ತರಿಸಿ, ಹೊಸ ನೀರು ಹೊಯ್ದು ಮೀನನ್ನು ಮತ್ತೆ ಬಿಡುವಳು.

"ಬ್ಯಾಡ, ಅಕ್ಕಾ, ಬ್ಯಾಡ" ಅಂದಿತು ಮೀನು.

"ಬಸುರಿ ಕೊಳಕಾಗ ಇರಬಾರ್ದು. ಸುಮ್ನಿರವ್ವ!"

ದಿನಾ ತಿಕ್ಕಿದಳು. ದಿನಾ ಮೀನು "ಬ್ಯಾಡ, ಬ್ಯಾಡ" ಅಂದಿತು. ಅಂದೂ ಅಂದೂ ಅದರ ಗಂಟಲು ಸವೆಯಿತು. ಒಂದು ಬೆಳಿಗ್ಗೆ ಬಾಯಿ ಆಡಿತು, ದನಿ ಬರಲಿಲ್ಲ. ಮೀನು ಪಕ್ಕಕ್ಕೆ ವಾಲಿತು.

ದ್ಯಾವಕ್ಕನ ಕೈಯಿಂದ ನಾರು ಜಾರಿತು. "ಅಯ್ಯೋ, ಹೊಳಿಗೆ ಏನಂತ ಮುಖ ತೋರಿಸ್ಲಿ? ಗಾಳೀ, ಏನು ಮಾಡ್ಲೋ?"

"ಏನೂ ಮಾಡಬ್ಯಾಡ" ಅಂದಿತು ಗಾಳಿ. "ನಾ ನೀರಿಗೆ ಉಸಿರು ಊದ್ತೀನಿ. ನೀ ಕೈ ಕಟ್ಕೊಂಡು ಕೂತ್ಕೋ."

ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ! ನೀರು ಹಸಿರಾಯಿತು, ಕೈ ತುರಿಸಿತು. ತಳದಲ್ಲಿ ಕೆಸರು ಕೂತಿತು. ಕೈ ಇನ್ನೂ ತುರಿಸಿತು. ದ್ಯಾವಕ್ಕ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಕೂತೇ ಇದ್ದಳು.

ಆಮೇಲೆ ಅವಳು ಕಂಡದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಬಸವನಹುಳ ತೆವಳಿಕೊಂಡು ವಾಪಸು ಬಂದು ಕಲ್ಲಿನ ಪಾಚಿ ಮೇಯಿತು. ಮೀನು ಬಿಟ್ಟ ಕೊಳೆಯನ್ನು ಕೆಸರು ನುಂಗಿ ಗೊಬ್ಬರ ಮಾಡಿತು. ಆ ಗೊಬ್ಬರದ ಸಾರವನ್ನು ಅಂತರಗಂಗೆ ಬೇರು ಇಳಿಬಿಟ್ಟು ಕುಡಿದು, ಎಲೆ ಹರಡಿ ಮೀನಿಗೆ ನೆರಳು ಕೊಟ್ಟಿತು. ಒಂದು ದಿನ ನೋಡಿದರೆ ನೀರು ತಳ ಕಾಣುವಷ್ಟು ತಿಳಿ. ಮೀನು ನೆಟ್ಟಗಾಗಿತ್ತು. ಬೇರುಗಳ ನಡುವೆ ಎಳ್ಳಿನಷ್ಟು ಸಣ್ಣ ಮರಿಗಳು, ಲೆಕ್ಕವೇ ಇಲ್ಲ!

ದ್ಯಾವಕ್ಕ ಹೊಂಡದ ಮೇಲೆ ಬಗ್ಗಿ ನೋಡಿದಳು. "ಯಾರು ತೊಳೆದ್ರು ಇದನ್ನ?"

"ಯಾರೂ ತೊಳೀಲಿಲ್ಲ" ಅಂದಿತು ಗಾಳಿ. "ಎಲ್ಲಾರೂ ಉಂಡ್ರು, ಅಷ್ಟೇ."

ಮಳೆ ಬಂತು, ಹೊಳೆ ಬಂತು, ಮೊಮ್ಮಕ್ಕಳನ್ನು ಕಂಡು ಉಕ್ಕಿ ಹರಿಯಿತು. ಆದರೆ ಮೀನಿನ ದನಿ ಮಾತ್ರ ಮರಳಲೇ ಇಲ್ಲ, ಅದರ ಮಕ್ಕಳು ಮೊಮ್ಮಕ್ಕಳಿಗೂ ಬರಲಿಲ್ಲ.

ಅದಕ್ಕೇ ಪುಟ್ಟಿ, ನೀನು ಬ್ರಷ್ಷು ಹಿಡಿದು ನಮ್ಮ ಹಿತ್ತಲ ತೊಟ್ಟಿಯ ಮೇಲೆ ಬಗ್ಗಿದಾಗಲೆಲ್ಲ, ಮೀನುಗಳು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಇವತ್ತಿಗೂ ಸದ್ದಿಲ್ಲದೆ "ಬ್ಯಾಡ, ಬ್ಯಾಡ" ಅನ್ನುತ್ತವೆ.