ತಿಪ್ಪಕ್ಕನ ಏಳು ಕೊಡ ಮಣ್ಣು

ಈಗಿನವರ ಲೆಕ್ಕಕ್ಕೆ ಸಿಗದಷ್ಟು ಹಿಂದೆ, ಕರಡಿಗುಡ್ಡದ ನೀರು ಇಳಿದು ಬರುವ ಹಳ್ಳದ ಕೊನೆಯಲ್ಲಿ, ಕಡೇಕೆರೆ ಅಂತ ಒಂದು ಊರಿತ್ತು. ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬಳು ನೀರಗಂಟಿ ಇದ್ದಳಂತೆ.

ನೀರಗಂಟಿ ಅಂದರೆ ಕೆರೆ ಕಾಯುವವಳು. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡುವವಳು. ಅದು ಗಂಡಸರ ಕೆಲಸ. ತಿಪ್ಪಕ್ಕನ ಗಂಡ ಒಂದು ಹುಬ್ಬೆ ಮಳೆಯಲ್ಲಿ ತೂಬಿಗೆ ಸಿಕ್ಕ ಕಸ ಬಿಡಿಸಲು ಮುಳುಗಿದವನು ಮೇಲೆ ಬರಲಿಲ್ಲ. ಮೂರನೆಯ ದಿನ ಅವಳೇ ತೂಬು ಎತ್ತುವ ಉದ್ದನೆಯ ಗಣೆ ಹಿಡಿದು ನಿಂತಳಂತೆ. ಕೊಡು ಅಂತ ಕೇಳಲು ಬಂದವರು ಅವಳ ಮುಖ ನೋಡಿ ಹಾಗೇ ತಿರುಗಿದರಂತೆ.

ಅವಳ ನಾಲಿಗೆಯದೇ ಒಂದು ಕತೆ. ಒಂದು ಹನಿ ನೀರು ನಾಲಿಗೆಗೆ ತಾಗಿಸಿದರೆ ಸಾಕು, ಇದು ಮೇಲುಕುಂಟೆ ಕೆರೆಯದು, ಇದು ಸಾಸಲುಕೆರೆಯದು, ಇದು ಬಂಡೆಯ ಮೇಲೆ ನಿಂತದ್ದು, ಇದು ಬೇರಿನ ನಡುವೆ ಇಳಿದದ್ದು ಅಂತ ಹೇಳುತ್ತಿದ್ದಳಂತೆ. ಕೆರೆಯ ಏರಿಗೆ ಕಿವಿಯಿಟ್ಟು ಎಲ್ಲಿ ಸೋರುತ್ತದೆ ಅಂತ ತೋರಿಸುತ್ತಿದ್ದಳಂತೆ. ಮೀನಿನ ಜೊತೆ ಮಾತಾಡುತ್ತಿದ್ದಳು ಅಂತಲೂ ಅಂತಾರೆ. ಅದನ್ನು ನಂಬುವುದು ನಿಮಗೆ ಬಿಟ್ಟದ್ದು.

ಆಗ ಕರಡಿಗುಡ್ಡ ಹೇಗಿತ್ತು ಅಂತೀರಿ! ನೆತ್ತಿಯವರೆಗೂ ಹೊನ್ನೆ, ಕಮರ, ತಾರೆ. ಹಗಲು ನಡುಮಧ್ಯಾಹ್ನ ಒಳಗೆ ಹೋದವರು ಕಂಬಳಿ ಹೊದೆಯುತ್ತಿದ್ದರಂತೆ. ಮೂಡಲಿನಿಂದ ಬಂದ ಮೋಡ ಆ ನೆತ್ತಿಯ ಮೇಲೆ ಹಸು ಮಲಗಿದ ಹಾಗೆ ಮಲಗುತ್ತಿತ್ತಂತೆ. ಅದು ಎದ್ದು ಹೋಗುವ ಹೊತ್ತಿಗೆ ಹಳ್ಳ ತುಂಬುತ್ತಿತ್ತು. ಹಳ್ಳದ ಉದ್ದಕ್ಕೂ ಏಳು ಊರು, ಊರಿಗೊಂದು ಕೆರೆ. ಮೇಲಿನದು ಮೇಲುಕುಂಟೆ, ಕೆಳಗಿನದು ಕಡೇಕೆರೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಆ ಹೆಚ್ಚಿನ ನೀರು ಕೆಳಗಿನ ಕೆರೆಗೆ.

ಅದಕ್ಕೊಂದು ಪದ್ಧತಿ ಇತ್ತು. ಕೋಡಿ ಬಿದ್ದ ದಿನ ಆ ಊರಿನ ನೀರಗಂಟಿ ಒಂದು ಕೊಡ ಕೋಡಿನೀರು ತುಂಬಿ, ತಮಟೆ ಬಡಿಸಿಕೊಂಡು ಕೆಳಗಿನ ಊರಿಗೆ ಹೊತ್ತೊಯ್ಯಬೇಕು. ‘ನೀರು ಬರ್ತಾ ಇದೆ, ಕಾಲುವೆ ಕೆತ್ತಿಕೊಳ್ಳಿ’ ಅಂತ ಅದರ ಅರ್ಥ. ಕೆಳಗಿನವರು ಆರತಿ ಎತ್ತಿ, ಕೊಡವನ್ನು ತಮ್ಮ ತೂಬಿನ ಕಲ್ಲಿಗೆ ಸುರಿದುಕೊಳ್ಳುತ್ತಿದ್ದರು. ಹೀಗೆ ಏಳೂರು ಇಳಿದು, ಕಡೇಕೆರೆಯ ಕೊಡ ದುರ್ಗದ ದೊರೆಗೆ ಹೋಗುತ್ತಿತ್ತು. ದೊರೆ ಅದನ್ನು ದೇವರಿಗೆ ಅಭಿಷೇಕ ಮಾಡಿಸಿ, ನನ್ನ ಸೀಮೆ ತಂಪಾಗಿದೆ ಅನ್ನುತ್ತಿದ್ದ. ಕೊಡ ಕಳಿಸದ ಊರಿಗೆ ಮರ್ಯಾದೆ ಇರಲಿಲ್ಲ. ‘ಕೊಡ ಬಾರದ ಊರು’ ಅಂದರೆ ಹೆಣ್ಣೂ ಕೊಡುತ್ತಿರಲಿಲ್ಲ.

ಆಮೇಲೆ ದುರ್ಗದಲ್ಲಿ ಕಬ್ಬಿಣದ ಕುಲುಮೆಗಳು ಎದ್ದವು. ಕುಲುಮೆಗೆ ಇದ್ದಲು ಬೇಕು. ಇದ್ದಲಿಗೆ ಮರ ಬೇಕು. ಕರಡಿಗುಡ್ಡಕ್ಕೆ ಕೊಡಲಿ ಹತ್ತಿತು. ಒಂದು ವರ್ಷ ಬುಡ ಬೋಳಾಯಿತು, ಇನ್ನೊಂದು ವರ್ಷ ಸೊಂಟ ಬೋಳಾಯಿತು. ಇದ್ದಲಿನ ಗೂಡುಗಳ ಹೊಗೆ ಗುಡ್ಡದ ಮೇಲೆ ನಿಂತಿತು, ಮೋಡ ಮಾತ್ರ ನಿಲ್ಲಲಿಲ್ಲ. ಬಂದದ್ದು ಬಂದ ಹಾಗೇ ದಾಟಿ ಹೋಯಿತು. ಗಾಳಿ ಬಾಣಲೆಯ ಮೇಲಿಂದ ಬೀಸಿದ ಹಾಗೆ ಬೀಸಿತು. ಉತ್ತರೆಯಲ್ಲಿ ಬರುವ ಮಳೆ ಬರಲಿಲ್ಲ, ರಾಗಿ ಕೊಯ್ಯುವಾಗ ಬೇಡದ ಮಳೆ ಬಂತು.

ಆ ವರ್ಷ ಮೇಲುಕುಂಟೆ ಕೆರೆ ಕೋಡಿ ಬೀಳಲಿಲ್ಲ. ಆದರೂ ಕೊಡ ಹೊರಟಿತು!

ಅದು ಹೇಗೆ ಅಂತೀರೇನು? ಬಾವಿಯಿಂದ. ಮರ್ಯಾದೆ ಹೋದೀತು ಅಂತ ಮೇಲುಕುಂಟೆಯ ಗೌಡ ಬಾವಿ ನೀರು ತುಂಬಿಸಿ, ತಮಟೆ ಬಡಿಸಿ ಕಳಿಸಿದ. ಕೋಡಿನೀರು ಬಾರದ್ದಕ್ಕೆ ಒಣ ಹಳ್ಳವೇ ಕುಡಿದಿರಬೇಕು ಅಂದುಕೊಂಡು, ಮೇಲಿನವರದು ಕೋಡಿ ಬಿದ್ದಿದೆ, ನಮ್ಮದು ಬಿದ್ದಿಲ್ಲ ಅಂದರೆ ನಗೆಪಾಟಲು ಅಂತ ಕೆಳಗಿನವರೂ ಹಾಗೇ ಮಾಡಿದರು. ಏಳೂರೂ ಹಾಗೇ ಮಾಡಿದವು. ಕಡೇಕೆರೆಯ ಗೌಡ ಚಿತ್ತೇಗೌಡ ತಿಪ್ಪಕ್ಕನನ್ನು ಕರೆದು, ಎಲ್ಲರ ಕೆರೆಯೂ ತುಂಬಿದೆಯಂತೆ, ನಮ್ಮ ಊರಿಗೆ ಮಾತ್ರ ಯಾಕೆ ಈ ಶಾಪವೋ, ಬಾಯಿ ಮುಚ್ಚಿಕೊಂಡು ಕೊಡ ಹೊರು ಅಂದ. ತಿಪ್ಪಕ್ಕ ಹೊತ್ತಳು. ಮೂರು ವರ್ಷ ಹೊತ್ತಳು.

ಅವಳು ಕೇರಿಯವಳು. ಗೌಡರ ಬಾವಿ ಅವಳು ಮುಟ್ಟುವ ಹಾಗಿಲ್ಲ. ಹಾಗಾಗಿ ಮೂರು ವರ್ಷ ದುರ್ಗದ ದೇವರಿಗೆ ಅಭಿಷೇಕವಾದದ್ದು ಕೇರಿಯ ಬಾವಿ ನೀರು. ಯಾವ ದೇವರಿಗೂ ಮೈಲಿಗೆಯಾಗಲಿಲ್ಲ. ನೆನಪಿಟ್ಟುಕೊಳ್ಳಿ.

ಇತ್ತ ಒಬ್ಬೊಬ್ಬ ಗೌಡನೂ ಇನ್ನೊಬ್ಬನಿಗೆ ಗೊತ್ತಾಗದ ಹಾಗೆ ದುರ್ಗಕ್ಕೆ ಹೋಗಿ ಅಳುತ್ತಿದ್ದ. ಅಲ್ಲಿ ದೊರೆಯ ಆಡಳಿತ ನೋಡಿಕೊಳ್ಳುವ ಒಬ್ಬ ಪಾರುಪತ್ಯಗಾರ ಕೂತಿರುತ್ತಿದ್ದ. ಗುಡ್ಡ ಬೋಳಾಯಿತು, ಮಳೆ ಹೋಯಿತು ಅಂದರೆ ಅವನು ನಗುತ್ತಿದ್ದನಂತೆ. ಏಳೂ ಕೆರೆ ಕೋಡಿ ಬಿದ್ದಿವೆ, ಕೊಡ ಬಂದಿದೆ, ನಿನ್ನ ಕೆರೆಯೊಂದೇ ಬತ್ತಿದ್ದರೆ ಅದು ನಿನ್ನ ಊರಿನ ಪಾಪ ಅನ್ನುತ್ತಿದ್ದನಂತೆ. ತೀರಾ ಅತ್ತವನಿಗೆ ಒಂದು ಬಾವಿ ತೋಡಿಸಿಕೊಡುತ್ತಿದ್ದ, ಯಾರಿಗೂ ಹೇಳಬೇಡ ಅನ್ನುತ್ತಿದ್ದ. ಗೌಡ ಬಾವಿ ಇಸಿದುಕೊಂಡು ಬಾಯಿ ಹೊಲಿದುಕೊಂಡು ಬರುತ್ತಿದ್ದ. ಕೊಡಲಿ ಗುಡ್ಡದ ಕುತ್ತಿಗೆಗೆ ಬಂತು.

ನಾಲ್ಕನೆಯ ವರ್ಷ ಪಕ್ಕದ ಮೇಲಿನ ಊರು ಸಾಸಲುಕೆರೆಯ ನೀರಗಂಟಿ ಓಬಳಣ್ಣ ಕೊಡ ಹೊತ್ತು ಕಡೇಕೆರೆಗೆ ಬಂದ. ತಮಟೆಯಾಯಿತು, ಆರತಿಯಾಯಿತು. ತಿಪ್ಪಕ್ಕ ಕೊಡ ಇಸಿದುಕೊಂಡು ಸುರಿಯುವಾಗ ನೀರು ತುಳುಕಿ ಮುಖಕ್ಕೆ ಎರಚಿತು. ತುಟಿಗೆ ಬಿದ್ದದ್ದನ್ನು ಅವಳು ನೆಕ್ಕಿದಳು. ನೆಕ್ಕಿದವಳು ಕೊಡದ ಕಂಠಕ್ಕೆ ಬೆರಳಿಟ್ಟು ಇನ್ನೊಮ್ಮೆ ರುಚಿ ನೋಡಿದಳಂತೆ.

ಎಲ್ಲ ಹೋದ ಮೇಲೆ ಅವಳು ಕೇಳಿದಳು. “ಓಬಳಣ್ಣ, ಇದು ನಿಮ್ಮ ಕೇರಿ ಬಾವಿ ನೀರಲ್ಲವೇನಣ್ಣ?”

ಓಬಳಣ್ಣ ತಲೆವಸ್ತ್ರ ತೆಗೆದು ಬೆವರೊರೆಸಿಕೊಂಡ. “ನೀನು ದುರ್ಗಕ್ಕೆ ಹೊರೋದು ಯಾವ ಬಾವೀದು ತಂಗೀ?”

ಇಬ್ಬರೂ ನಕ್ಕರಂತೆ. ನಗುತ್ತಾ ನಗುತ್ತಾ ತೂಬಿನ ಕಲ್ಲಿನ ಮೇಲೆ ಕೂತು ಅತ್ತರಂತೆ. ದೊರೆಗೆ ಮರ ಕಡಿಯುವ ಧೈರ್ಯ ಕೊಟ್ಟದ್ದು ಈ ಕೊಡ. ಹೊತ್ತದ್ದು ನನ್ನ ತಲೆ. ಹೀಗಂತ ತಿಪ್ಪಕ್ಕ ಅವತ್ತು ರಾತ್ರಿಯೆಲ್ಲ ಲೆಕ್ಕ ಹಾಕಿದಳಂತೆ. ಗುಡ್ಡದ ನೆತ್ತಿಯಲ್ಲಿ ಇನ್ನೂ ಒಂದು ಹಿಡಿ ಹಸಿರು ಉಳಿದಿತ್ತು. ಅದೂ ಹೋದರೆ ಏಳು ಕೆರೆಯೂ ಹೋದವು ಅಂತ ಅವಳಿಗೆ ಗೊತ್ತಿತ್ತು.

ಬೆಳಗಾಗುತ್ತಲೇ ಅವಳು ಗಣೆ ಹಿಡಿದು ಹಳ್ಳದ ದಂಡೆಯಲ್ಲಿ ಮೇಲಕ್ಕೆ ನಡೆದಳು. ಮೊದಲು ಮೇಲುಕುಂಟೆ. ಚಾವಡಿಯ ಕಟ್ಟೆಯ ಮೇಲೆ ಗೌಡ ದಾಸೇಗೌಡ ಊರಿನ ಹಿರಿಯರ ಜೊತೆ ಕೂತಿದ್ದ. ಅವಳು ಕಟ್ಟೆಯ ಕೆಳಗೆ ದೂರ ನಿಂತಳು. ಕೆರೆ ಕಾಯೋಕೆ ಕೇರಿಯವರು ಬೇಕು, ಚಾವಡಿ ಹತ್ತೋಕೆ ಬೇಡ! ಆಗಿನ ಕಾಲ ಚೆನ್ನಾಗಿತ್ತು ಅಂತ ನಾವು ಅಂತೀವಿ. ಇದೂ ಆಗಿನ ಕಾಲವೇ.

ನಿಮ್ಮ ಕೆರೆ ಕೋಡಿ ಬಿತ್ತೇ ಅಂತ ಅವಳು ಕೇಳಿದಳು. ದಾಸೇಗೌಡ ಮೀಸೆ ತಿರುವಿದ. “ಕಡೇ ಊರಿನವಳು, ಮೇಲಿನ ಊರಿನ ಕೆರೆ ಅಳೆಯೋಕೆ ಬಂದಳಪ್ಪಾ! ಬಿದ್ದೈತೆ ಹೋಗು.”

“ಸಂತೋಷ ಕಣಪ್ಪಾ” ಅಂದಳು ತಿಪ್ಪಕ್ಕ. “ಹಂಗಾದ್ರೆ ಅದರಾಗೇ ಮುಳುಗಿ ಸಾಯ್ತೀನಿ. ನನ್ನ ಗಂಡನೂ ಕೆರೇಲೇ ಹೋದ. ಬಂದು ಮಣ್ಣು ಹಾಕಿ.”

ಅಷ್ಟಂದು ಅವಳು ಕೆರೆಗೆ ಇಳಿದೇ ಬಿಟ್ಟಳು. ಊರೆಲ್ಲ ಏರಿಯ ಮೇಲೆ ಓಡಿ ಬಂತು. ಅವಳು ನಡೆದಳು, ನಡೆದಳು, ಕೆರೆಯ ನಡುಮಧ್ಯಕ್ಕೆ ಹೋಗಿ ನಿಂತಳು. ನೀರು ಮೊಣಕಾಲು ದಾಟಿರಲಿಲ್ಲ. ಅಲ್ಲಿಂದಲೇ ಕೂಗಿದಳಂತೆ: “ಗೌಡ್ರೇ, ಮುಳುಗೋಕೆ ಜಾಗ ಎಲ್ಲೈತೆ ಸ್ವಲ್ಪ ತೋರಿಸ್ರಪ್ಪಾ!”

ಮೊದಲು ಒಬ್ಬಳು ಮುದುಕಿ ನಕ್ಕಳು. ಆಮೇಲೆ ಊರೇ ನಕ್ಕಿತು. ಆಮೇಲೆ ಊರೇ ದಾಸೇಗೌಡನ ಕಡೆ ತಿರುಗಿತು.

ಅವಳು ಎರಡನೆಯ ಊರಿಗೆ ಹೊರಟಾಗ ಮೇಲುಕುಂಟೆಯವರು ಹಿಂದೆ ಹೊರಟರು. ನಮ್ಮದೊಂದೇ ಬತ್ತಿದೆಯೋ ಅವರದೂ ಬತ್ತಿದೆಯೋ ನೋಡಿಯೇ ಬಿಡೋಣ ಅಂತ. ಅಲ್ಲಿಯೂ ಗೌಡ ಕೋಡಿ ಬಿದ್ದಿದೆ ಅಂದ, ಅಲ್ಲಿಯೂ ಅವಳು ಇಳಿದಳು, ನೀರು ಮೀನಖಂಡಕ್ಕೆ ಬಂತು. ಮೂರನೆಯ ಊರಲ್ಲಿ ಹಿಮ್ಮಡಿಗೆ. ಸಾಸಲುಕೆರೆಯಲ್ಲಿ ಬರೀ ಕೆಸರು. ಕಡೇಕೆರೆಗೆ ಬರುವ ಹೊತ್ತಿಗೆ ಆರೂರಿನ ಜನ ಅವಳ ಹಿಂದಿದ್ದರು.

ಚಿತ್ತೇಗೌಡ ಏರಿಯ ಮೇಲೆ ಅಡ್ಡ ನಿಂತ. ಅವರ ಮರ್ಯಾದೆ ಕಳೆದೆ, ನನ್ನದನ್ನು ಕಳೆದರೆ ನಾಳೆಯಿಂದ ಆ ಗಣೆ ನಿನ್ನದಲ್ಲ ಅಂದ. ಗಣೆ ಹೋದರೆ ಅವಳ ಪಾಲಿನ ಕಾಳು ಹೋಯಿತು. ಗಂಡನ ಹೆಸರಲ್ಲಿ ಉಳಿದಿದ್ದ ಒಂದೇ ವಸ್ತುವೂ ಹೋಯಿತು. ತಿಪ್ಪಕ್ಕ ಗಣೆಯನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡಳಂತೆ. ಆಮೇಲೆ ಗೌಡನ ಕಾಲ ಬಳಿ ಇಟ್ಟು ಕೆರೆಗೆ ಇಳಿದಳು. ನಡುಮಧ್ಯದಲ್ಲಿ ನಿಂತು ಕಾಲಲ್ಲಿ ಒದ್ದಳು. ಧೂಳೆದ್ದಿತು.

ದಾಸೇಗೌಡ ಏರಿಯ ಮೇಲಿಂದ ನಕ್ಕ. “ಲೇ ಚಿತ್ತಾ, ನನ್ನದೇ ವಾಸಿ ಕಣೋ, ಮೊಣಕಾಲುದ್ದ ಐತೆ!”

ಇನ್ನು ಮುಚ್ಚಿಡಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ. ಯಾರು ಕದ್ದು ದುರ್ಗಕ್ಕೆ ಹೋದದ್ದು, ಯಾರಿಗೆ ಬಾವಿ ಸಿಕ್ಕಿದ್ದು, ಎಲ್ಲ ಆ ಏರಿಯ ಮೇಲೇ ಹೊರಬಿತ್ತು. ಬೈದಾಡಿದರು, ಒಂದಿಬ್ಬರು ಕೈ ಕೈ ಮಿಲಾಯಿಸಿದರು. ಕೊನೆಗೆ ಏಳು ಚಾವಡಿಯೂ ಸೇರಿ ಒಂದು ಮಾತು ಕಟ್ಟಿಕೊಂಡವು: ದುರ್ಗದಲ್ಲಿ ಯಾರೂ ಒಬ್ಬನೇ ಮಾತಾಡಬಾರದು, ಯಾರೂ ಒಬ್ಬನೇ ಏನನ್ನೂ ಇಸಿದುಕೊಳ್ಳಬಾರದು. ಬೇಕಾದದ್ದು ಬಾವಿಯಲ್ಲ, ಗುಡ್ಡ.

ಏಳು ಗೌಡರು, ಕೊಡ ಹೊತ್ತ ಏಳು ನೀರಗಂಟಿಗಳು ದುರ್ಗದ ಬಾಗಿಲಿಗೆ ಹೋದರು. ಗಣೆ ಹೋದರೂ ಕಡೇಕೆರೆಯ ಕೊಡ ತಿಪ್ಪಕ್ಕನ ತಲೆಯ ಮೇಲೇ ಇತ್ತು. ಪಾರುಪತ್ಯಗಾರ ಹಳೆಯ ನಗೆಯನ್ನೇ ನಕ್ಕು, ಈ ಸಲ ಬಾವಿ ಯಾವ ಊರಿಗೆ ಅಂತ ಕೇಳಿದ. ಯಾರೂ ಬಾಯಿ ಬಿಡಲಿಲ್ಲ. ಎರಡು ಬಾವಿ ಅಂದ. ಯಾರೂ ಬಿಡಲಿಲ್ಲ. ದಾಸೇಗೌಡನ ನಾಲಿಗೆ ತುರಿಸಿ, ಬಾಯಿ ಅರ್ಧ ತೆರೆದಿತ್ತಂತೆ. ಹಿಂದಿನಿಂದ ತಿಪ್ಪಕ್ಕ ಕೆಮ್ಮಿದಳು. ಬಾಯಿ ಮುಚ್ಚಿಕೊಂಡಿತು. ಹೀಗೆ ಅರ್ಧ ದಿನ ಕೂತರು ಅಂತಾರೆ.

ಕೊನೆಗೆ ದೊರೆಯೇ ಬಂದ. ಸಂತೋಷದಿಂದ ಕೊಡಕ್ಕೆ ಕೈ ಹಾಕಿದ. ಕೈಗೆ ಬಂದದ್ದು ಒಣಗಿದ ಕೆರೆಯ ಮಣ್ಣು. ಇನ್ನೊಂದಕ್ಕೆ ಹಾಕಿದ, ಮಣ್ಣು. ಏಳಕ್ಕೂ ಹಾಕಿದ. ಹೋದ ವರ್ಷ ನೀರು ತಂದಿದ್ದಿರಲ್ಲ ಅಂತ ಗದರಿದ.

“ಹೋದ ವರ್ಷ ಸುಳ್ಳು ತಂದಿದ್ದೆವು ಸ್ವಾಮಿ” ಅಂದಳು ತಿಪ್ಪಕ್ಕ. “ಹೊತ್ತವಳು ನಾನೇ.”

ದೇವರಿಗೆ ಸುಳ್ಳು ನೀರು ತಂದವಳ ಕೈ ಕಡಿಯಬೇಕು ಅಂತ ಪಾರುಪತ್ಯಗಾರ ಕೂಗಿದ. ಆಗ ಚಿತ್ತೇಗೌಡ, ಗಣೆ ಕಿತ್ತುಕೊಂಡಿದ್ದ ಅದೇ ಚಿತ್ತೇಗೌಡ, ಮುಂದೆ ಬಂದು ಕೈ ಚಾಚಿದನಂತೆ. ಅವನ ಪಕ್ಕದಲ್ಲಿ ದಾಸೇಗೌಡ ಚಾಚಿದ. ಒಬ್ಬರಾದ ಮೇಲೊಬ್ಬರು, ಹದಿನಾಲ್ಕು ಜನರೂ ಕೈ ಚಾಚಿದರು.

ದೊರೆಗೆ ಕರುಣೆ ಬಂತು ಅಂತಾರೆ. ನಾನು ಅದನ್ನು ನಂಬುವುದಿಲ್ಲ. ಕರುಣೆ ಬರುವವನಿಗೆ ಮೊದಲ ಮರ ಬಿದ್ದಾಗಲೇ ಬರುತ್ತಿತ್ತು. ದುರ್ಗ ಉಣ್ಣುವ ರಾಗಿ ಬರುವುದು ಈ ಏಳೂರಿಂದ. ಒಂದೂರು ಮುನಿದರೆ ಆರೂರು ಉಣಿಸುತ್ತವೆ. ಏಳೂ ಒಟ್ಟಿಗೆ ಕೂತರೆ ಯಾರು ಉಣಿಸುತ್ತಾರೆ? ದೊರೆ ಅದನ್ನು ಲೆಕ್ಕ ಹಾಕಿದ, ಅಷ್ಟೇ. ಮೂರು ವರ್ಷ ಗುಡ್ಡ ಮುಟ್ಟುವುದಿಲ್ಲ ಅಂದ. ಮೂರು ವರ್ಷಕ್ಕೆ ಹೊನ್ನೆ ಮರ ಎಷ್ಟೆತ್ತರ ಬರುತ್ತೆ ಸ್ವಾಮಿ ಅಂತ ತಿಪ್ಪಕ್ಕ ಕೇಳಿದಳು. ಯಾರೂ ಎದ್ದು ಹೋಗಲಿಲ್ಲ. ಸಂಜೆಗೆ ಮುಂಚೆ ಮಾತು ಬಂತು: ಕರಡಿಗುಡ್ಡಕ್ಕೆ ಇನ್ನು ಕೊಡಲಿ ಹತ್ತಕೂಡದು, ಈ ದೊರೆಯದೂ, ಮುಂದಿನ ದೊರೆಯದೂ. ಅದನ್ನು ಕಲ್ಲಿಗೆ ಹೊಡೆಸಿ ಗುಡ್ಡದ ಬುಡದಲ್ಲಿ ನೆಟ್ಟರು.

ತಿಪ್ಪಕ್ಕನಿಗೆ ಗಣೆ ತಿರುಗಿ ಸಿಗಲಿಲ್ಲ. ಕೈ ಚಾಚಿದ ಗೌಡನೇ ಕೊಡಲಿಲ್ಲ. ಒಂದು ದಿನದ ಧೈರ್ಯ ಬೇರೆ, ದಿನದಿನದ ನ್ಯಾಯ ಬೇರೆ. ಚಿಗುರಿಗೆ ಬಾಯಿ ಹಾಕುತ್ತವೆ ಅಂತ ಅವಳು ಇದ್ದ ನಾಲ್ಕು ಆಡನ್ನೂ ಬಿಟ್ಟುಕೊಟ್ಟು, ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿ, ಚಿಗುರು ತಿನ್ನಲು ಬರುವ ದನಗಳನ್ನು ಅಟ್ಟುತ್ತಾ ಕೂತಳು. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಕಣ್ಣು ಹೋಗುವವರೆಗೆ.

ಆಮೇಲೊಂದು ಹುಬ್ಬೆಯಲ್ಲಿ ಮೋಡ ಬಂದು ಗುಡ್ಡದ ಮೇಲೆ ಮಲಗಿತಂತೆ. ಮೇಲುಕುಂಟೆಯಿಂದ ತಮಟೆ ಕೇಳಿಸಿತಂತೆ. ಕೊಡ ಆರೂರು ಇಳಿದು ಕಡೇಕೆರೆಗೆ ಬಂದಾಗ ಇದು ನಿಜವೋ ಸುಳ್ಳೋ ಅಂತ ಜನಕ್ಕೆ ಅನುಮಾನ. ಕೊಡ ಹೊತ್ತವರು ನೆಟ್ಟಗೆ ಗುಡ್ಡದ ಬುಡಕ್ಕೆ ನಡೆದರು. ಕಣ್ಣಿಲ್ಲದ ಮುದುಕಿಯ ನಾಲಿಗೆಗೆ ಒಂದು ಹನಿ ಬಿಟ್ಟರು.

ಅವಳು ಅದನ್ನು ನಾಲಿಗೆಯ ಮೇಲೆ ಹೊರಳಿಸಿದಳಂತೆ. “ಎಲೆಯ ರುಚಿ ಐತೆ” ಅಂದಳಂತೆ. “ಹೊನ್ನೆ ಎಲೆ. ಹೋಗ್ರೋ, ಕಾಲುವೆ ಕೆತ್ಕೊಳ್ಳಿ.”

ದೊರೆಗಳು ಹೋದರು, ದುರ್ಗ ಬಿತ್ತು. ಈಗ ಏಳೂರೂ ಏಳು ಪಂಚಾಯಿತಿ. ಹೆಣ್ಣಿನ ವಿಷಯಕ್ಕೆ, ಓಟಿನ ವಿಷಯಕ್ಕೆ ಈಗಲೂ ಕಿತ್ತಾಡುತ್ತವೆ. ಆದರೆ ಗುಡ್ಡದ ವಿಷಯಕ್ಕೆ, ಮಳೆಯ ವಿಷಯಕ್ಕೆ ಮೇಲಿನವರಿಗೆ ಕಾಗದ ಹೋಗಬೇಕಾದರೆ ಒಂದೇ ಕಾಗದ, ಏಳು ಮೊಹರು. ಆರು ಬಿದ್ದು ಒಂದು ಬೀಳದಿದ್ದರೆ ಆ ಕಾಗದ ಹೊರಡುವುದಿಲ್ಲ. ಉತ್ತರ ಬಾರದಿದ್ದರೆ ಏಳು ಅಧ್ಯಕ್ಷರೂ ಹೋಗಿ ಆ ಕಚೇರಿಯ ಮುಂದೆ ಕೂರುತ್ತಾರೆ. ನಿಮ್ಮೂರಿಗೊಂದು ಕೊಳವೆಬಾವಿ ಹಾಕಿಸೋಣ ಅಂತ ಯಾವ ಸಾಹೇಬನಾದರೂ ಶುರು ಮಾಡಿದರೆ, ಹಿಂದಿನಿಂದ ಯಾರಾದರೊಬ್ಬ ಹೆಂಗಸು ಕೆಮ್ಮುತ್ತಾಳೆ.

ಕೊಡವೂ ನಿಂತಿಲ್ಲ. ಹೊರಡುವ ಮೊದಲು ಕೇರಿಯ ಹಿರಿಯ ಹೆಂಗಸು ಚಾವಡಿಯ ಕಟ್ಟೆಯ ಮೇಲೆ ಹತ್ತಿ ನಿಂತು ರುಚಿ ನೋಡಬೇಕು. ಕೆರೆ ತುಂಬಿದ ವರ್ಷ ನೀರಿನ ಕೊಡ ಹೋಗುತ್ತದೆ. ಬತ್ತಿದ ವರ್ಷ ಮಣ್ಣಿನ ಕೊಡ ಹೋಗುತ್ತದೆ. ಅದೇ ತಮಟೆ, ಅದೇ ಆರತಿ. ಮಣ್ಣು ಹೊತ್ತು ಬಂದವರನ್ನು ನೋಡಿ ಯಾರೂ ನಗುವುದಿಲ್ಲ. ಕೆಳಗಿನ ಊರಿನವರು ಇದಿರು ಬಂದು ಕೊಡ ಇಳಿಸಿಕೊಂಡು, ನಮ್ಮದೂ ಹಿಂಗೇ ಐತೆ, ಬನ್ನಿ ಕೂತುಕೊಳ್ಳಿ ಅಂತಾರೆ.