ಬಿಸಿಲಲ್ಲಿಟ್ಟ ಗಡಿಯಾರ

"ಗುರುಗಳೇ, ಪ್ರಯತ್ನ ದೊಡ್ಡದೋ, ಅನುಗ್ರಹ ದೊಡ್ಡದೋ?" ಎಂದು ಶಿಷ್ಯ ಕೇಳಿದ. "ನಾಲ್ಕು ದಿನದಿಂದ ನನಗೂ ನನ್ನ ಜೊತೆಯ ಮಹಾಂತನಿಗೂ ಇದೇ ವಾದ. ನಾನು ಪ್ರಯತ್ನ ಅನ್ನುತ್ತೇನೆ. ಅವನು ಅನುಗ್ರಹ ಅನ್ನುತ್ತಾನೆ. ತಾವು ಒಂದು ಮಾತು ಹೇಳಿದರೆ ಮುಗಿಯಿತು."

"ಮಹಾಂತನೂ ಬರಲಿ."

"ಅವನಿಗೆ ನಿನ್ನೆಯಿಂದ ಜ್ವರ. ಕೋಣೆಯಲ್ಲಿ ಮಲಗಿದ್ದಾನೆ. ನೀವು ಹೇಳಿ, ಗೆದ್ದದ್ದು ಯಾರೆಂದು ನಾನೇ ಅವನಿಗೆ ತಿಳಿಸುತ್ತೇನೆ."

ಗುರುಗಳು ನಕ್ಕರು. ಈ ಕತೆ ಹೇಳಿದರು.

ಒಂದು ಊರು. ಹೆಸರು ಮರೆತಿದ್ದೇನೆ, ನೆನಪಿದ್ದರೂ ಹೇಳುತ್ತಿರಲಿಲ್ಲ. ನಡೆದದ್ದಂತೂ ನಿಜ. ನಡೆದ ಹಾಗೆಯೇ ಹೇಳುತ್ತೇನೆಂದು ಮಾತ್ರ ಮಾತು ಕೊಡಲಾರೆ. ಅಲ್ಲಿ ಒಬ್ಬ ನೇಕಾರ, ಒಬ್ಬ ಬಟ್ಟೆ ವ್ಯಾಪಾರಿ. ಇಬ್ಬರೂ ಗೆಳೆಯರು. ಇಬ್ಬರಿಗೂ ಒಂದೊಂದು ಕೈಗಡಿಯಾರ.

ವ್ಯಾಪಾರಿಯದು ಕೀಲಿ ಕೊಡುವ ಗಡಿಯಾರ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಕಣ್ಣು ಮುಚ್ಚಿ ತಿರುಪುತ್ತಿದ್ದ. ಬೆರಳಿಗೆ ಬಿಗಿ ತಾಗಿದಾಗ ಬಿಡುತ್ತಿದ್ದ. ನೇಕಾರನದಕ್ಕೆ ಕೀಲಿಯೇ ಇಲ್ಲ. ಅದರೊಳಗೆ ಅರ್ಧಚಂದ್ರದಂಥ ಒಂದು ಬಿಲ್ಲೆ. ಕೈ ಆಡಿದಂತೆ ಬಿಲ್ಲೆ ತಿರುಗುತ್ತದೆ, ಬಿಲ್ಲೆ ತಿರುಗಿದಂತೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಮಗ್ಗದಲ್ಲಿ ಕೂತವನ ಕೈ ಸುಮ್ಮನಿರುವುದುಂಟೇ? ಇಪ್ಪತ್ತು ವರ್ಷ ಅದು ನಿಂತಿರಲಿಲ್ಲ.

ಇಪ್ಪತ್ತು ವರ್ಷ ಇಬ್ಬರ ಜಗಳವೂ ನಿಂತಿರಲಿಲ್ಲ.

"ದಿನಾ ಬೆಳಿಗ್ಗೆ ಕಿವಿ ಹಿಂಡಿಸ್ಕೊಂಡ್ರೇನೇ ಏಳೋದು ನಿನ್ನ ಗಡಿಯಾರ. ಥೂ, ಸೋಮಾರಿ!" ಎಂದು ನೇಕಾರ ಹಂಗಿಸುತ್ತಿದ್ದ.

"ನಂದರ ಹೊಟ್ಟೇಲಿ ಭಾಗ ಕಮ್ಮಿ, ಕೆಡೋದೂ ಕಮ್ಮಿ. ಚಕ್ರದಡಿ ಹದಿನೇಳೇ ಕಲ್ಲು, ನಿಮಿಷ ತಪ್ಪಲ್ಲ. ನಿಂದು ಇಪ್ಪತ್ತೊಂದು ಕಲ್ಲು ಹೊತ್ಕೊಂಡು ದಿನಕ್ಕೆ ಎರಡು ನಿಮಿಷ ಮುಂದೆ ಓಡತ್ತೆ. ಎಲ್ಲಿಗೋ ಏನೋ!" ಎಂದು ವ್ಯಾಪಾರಿ ತಿರುಗಿಸಿ ಕೊಡುತ್ತಿದ್ದ.

ಹೀಗಿರಲು ನೇಕಾರನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮೂರನೆಯ ದಿನ ಗಡಿಯಾರ ನಿಂತಿತು.

ರಿಪೇರಿಯವನು ಬಿಚ್ಚಿ ನೋಡಿದ. ಯಂತ್ರ ಸರಿಯಾಗಿತ್ತು. ಬಲಗೈಗೆ ಕಟ್ಟಿಕೊಳ್ಳಿ ಎಂದ. ಕಟ್ಟಿದರು. ಮಲಗಿದವನ ಬಲಗೈ ಎಷ್ಟು ಆಡೀತು? ಮತ್ತೆ ನಿಂತಿತು. ನೇಕಾರ ಗೋಡೆ ಕಡೆ ಮುಖ ಮಾಡಿದ. "ಅದು ಸರಿಯಾಗೇ ಇದೆಯಂತೆ. ನಿಂತಿರೋದು ನಾನು" ಎಂದ. ಅಂದಿನಿಂದ ಔಷಧಿ ಬಿಟ್ಟ. ಹೆಂಡತಿ ತುತ್ತು ಹಿಡಿದರೆ ಬಾಯಿ ತೆರೆಯಲಿಲ್ಲ.

ವ್ಯಾಪಾರಿ ಬಂದ. ಗಡಿಯಾರ ತೆಗೆದುಕೊಂಡು ಹೋದ. ಸಂಜೆ ತಂದುಕೊಟ್ಟ. ಅದು ನಡೆಯುತ್ತಿತ್ತು.

"ಒಳಗಿನ ಎಣ್ಣೆ ತಣ್ಣಗಾಗಿದೆಯಂತೆ ಕಣೋ. ದಿನಾ ಹಗಲು ಬಿಸಿಲಿಗೆ ಇಡಬೇಕಂತೆ. ನನ್ನ ಅಂಗಡಿ ಮುಂದೆ ಒಳ್ಳೇ ಬಿಸಿಲು. ಬೆಳಿಗ್ಗೆ ತಗೊಂಡ್ಹೋಗಿ ಸಂಜೆ ತರ್ತೀನಿ" ಎಂದ. ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಣ್ಣ ಬಿಡುವ ಸೀರೆಯನ್ನು ಗಟ್ಟಿ ಬಣ್ಣ ಎಂದು ಮಾರಿ ಅಭ್ಯಾಸವಿದ್ದವನು.

ಗಡಿಯಾರ ಬಿಸಿಲು ಕಾಣಲಿಲ್ಲ. ವ್ಯಾಪಾರಿಯ ಬಲಗೈಯಲ್ಲಿತ್ತು. ಅವನು ಬಟ್ಟೆ ಅಳೆದ, ಥಾನು ಬಿಚ್ಚಿದ, ಸೀರೆ ಕೊಡವಿದ. ಎರಡೂ ಕೈಗೆ ಗಡಿಯಾರ ಕಟ್ಟಿದ ಅವನನ್ನು ಕಂಡು ಊರು ನಕ್ಕಿತು. "ಏನ್ ಸಾವ್ಕಾರ್ರೇ, ಬಲಗೈಗೊಂದು ಟೈಮು, ಎಡಗೈಗೊಂದು ಟೈಮಾ?" ಎಂದರು. ಅವನೂ ಜೊತೆಗೆ ನಕ್ಕ.

ಅತ್ತ ನೇಕಾರ ಔಷಧಿ ತೆಗೆದುಕೊಂಡ. ಊಟ ಮಾಡಿದ. ದಿಂಬಿಗೆ ಒರಗಿ ಕೂರುವಷ್ಟಾದ. ಜಗಳವೂ ಚಿಗುರಿತು. "ಕೀಲೀನೂ ಬೇಡ, ಕೈಯೂ ಬೇಡ, ಬಿಸಿಲಿಗಿಟ್ರೆ ಸಾಕು! ಈಗ ಹೇಳು, ಯಾವುದು ಮೇಲು?"

"ನಿಂದೇ ಮೇಲು ಮಾರಾಯ."

"ಇಪ್ಪತ್ತು ವರ್ಷ ಬೇಕಾಯ್ತಲ್ಲೋ ನಿನಗೆ!"

ಆಮೇಲೆ ಒಂದು ವಾರ ಮೋಡ ಮುಚ್ಚಿತು. ಸೂರ್ಯ ಮುಖ ತೋರಿಸಲಿಲ್ಲ. ಗಡಿಯಾರ ನಡೆಯುತ್ತಲೇ ಇತ್ತು. ಒಂದು ಸಂಜೆ ನೇಕಾರ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಚರ್ಮದ ಪಟ್ಟಿ ಇನ್ನೂ ಬೆಚ್ಚಗಿತ್ತು, ಬೆವರಿನ ವಾಸನೆಯಿತ್ತು. ತಾನು ಕಟ್ಟುತ್ತಿದ್ದ ತೂತಿಗಿಂತ ಎರಡು ತೂತು ಆಚೆ ಹೊಸದೊಂದು ಮಡಿಕೆ ಬಿದ್ದಿತ್ತು. ದಪ್ಪ ಮಣಿಕಟ್ಟಿನ ಮಡಿಕೆ.

ವ್ಯಾಪಾರಿ ಬಾಗಿಲ ಕಡೆ ನೋಡಿದ.

"ಅಲ್ಲಯ್ಯಾ," ಎಂದ ನೇಕಾರ, "ಯೋಚನೆ ಮಾಡಿದೆ. ನಿಂದೇ ಮೇಲು ಕಣೋ. ಒಬ್ಬನೇ ಮೂಲೇಲಿ ಕೂತು ಎರಡು ಬೆರಳಲ್ಲಿ ನಡೆಸ್ಕೋಬಹುದು."

"ಛೆ ಛೆ, ನಿಂದೇ ಮೇಲು. ಒಬ್ಬನೇ ಕೂರೋಕೆ ಬಿಡಲ್ಲ ಅದು."

"ನಿಂದು ಅಂದ್ನಲ್ಲ!"

"ನಿಂದು ಅಂದ್ರೆ ನಿಂದು!"

ಒಳಗಿನಿಂದ ಹೆಂಡತಿ, "ಶುರುವಾಯ್ತು ಮತ್ತೆ" ಎಂದಳು.

ಇಬ್ಬರೂ ಬದುಕಿರುವ ತನಕ ಆ ಜಗಳ ಬಿಡಲಿಲ್ಲ. ಪಕ್ಷ ಮಾತ್ರ ಅದಲುಬದಲಾಯಿತು. ಬೆಳಿಗ್ಗೆ ಗಡಿಯಾರ ಹೋಗುತ್ತಿತ್ತು, ಸಂಜೆ ಬರುತ್ತಿತ್ತು. ಬಿಸಿಲಿನ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಹಾಗಾದರೆ ಗೆದ್ದದ್ದು ಯಾರು ಗುರುಗಳೇ? ಮಹಾಂತನಿಗೆ ಏನೆಂದು ಹೇಳಲಿ?"

"ಏನೂ ಹೇಳಬೇಡ, ನಿನ್ನೆಯಿಂದ ಮಲಗಿದ್ದಾನಲ್ಲ, ಗಂಜಿ ಒಯ್ದು ಕೊಡು."